ಚಂದ್ರನಿಂದ ಬಚ್ಚಿಟ್ಟ ಏಡಿಗಳು

ಮೊನ್ನೆ ಮಧ್ಯಾಹ್ನ ಪಕ್ಕದ ಫ್ಲ್ಯಾಟಿನ ಹುಡುಗಿ ಒಂದು ಬಟ್ಟಲಿನಲ್ಲಿ ಏಡಿ ಸುಕ್ಕ ತಂದುಕೊಟ್ಟಳು. ಮಣಿಪಾಲಕ್ಕೆ ಓದಲು ಬಂದು ಇಲ್ಲಿಯೇ ಕೆಲಸ ಹಿಡಿದವಳು, ಘಟ್ಟದ ಮೇಲಿನವಳು, ಮೊಬೈಲು ನೋಡಿ ಅಡುಗೆ ಕಲಿಯುತ್ತಿದ್ದಾಳೆ. ಮುಚ್ಚಳ ತೆಗೆದದ್ದೇ ತಡ, ಹುರಿದ ಕೊತ್ತಂಬರಿ, ಬೆಳ್ಳುಳ್ಳಿ, ತೆಂಗಿನಕಾಯಿಯ ಪರಿಮಳಕ್ಕೆ ಬಾಯಲ್ಲಿ ನೀರೂರಿತು. ಬಾಯಿಂದ ಹೊರಟ ಮಾತು ಮಾತ್ರ ಬೇರೆ. "ಅಯ್ಯೋ ಮಗಾ, ಇವತ್ತು ಹುಣ್ಣಿಮೆ ಅಲ್ವಾ!" ಎಂದೆ. ಅವಳು ಗಾಬರಿಯಾಗಿ, "ನೀವು ಹುಣ್ಣಿಮೆ ದಿನ ನಾನ್‌ವೆಜ್ ತಿನ್ನಲ್ವಾ ಆಂಟಿ?" ಎಂದು ಕೇಳಿದಳು. ನಾವೇನೋ ತಿನ್ನುತ್ತೇವೆ. ತಿನ್ನಲಿಕ್ಕೆ ಏಡಿಯೊಳಗೆ ಏನಾದರೂ ಇರಬೇಕಲ್ಲ, ಅದು ಪ್ರಶ್ನೆ.

ಕರಾವಳಿಯವರಾದರೆ ನಿಮಗೆ ಗೊತ್ತೇ ಇರುತ್ತದೆ. ಅಲ್ಲದಿದ್ದರೆ ಹೀಗೆ ಹತ್ತಿರ ಬನ್ನಿ, ಹೇಳುತ್ತೇನೆ. ಅಮಾವಾಸ್ಯೆಯ ಏಡಿ ಎಂದರೆ ತುಂಬಿದ ಏಡಿ, ಕಾಲು ಮುರಿದರೆ ಬೆಳ್ಳಗಿನ ಮಾಂಸ ಹೊರಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಚಂದ್ರ ದಿನದಿನಕ್ಕೆ ತುಂಬುತ್ತ ಹೋದ ಹಾಗೆ ಏಡಿ ಬರಿದಾಗುತ್ತ ಬಂದು, ಹುಣ್ಣಿಮೆಯ ಹೊತ್ತಿಗೆ ಚಿಪ್ಪು, ನೀರು ಮತ್ತು ಕೊಂಡವರ ಬೇಸರ, ಇಷ್ಟೇ ಉಳಿಯುತ್ತದೆ. ಇದು ನಿಜವೋ ಸುಳ್ಳೋ ಎಂದು ನನ್ನನ್ನು ಕೇಳಬೇಡಿ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು, ಆದರೂ ಹುಣ್ಣಿಮೆಯ ಆಚೀಚೆ ಏಡಿ ಕೊಂಡವಳಲ್ಲ. ಕಾಪುವಿನ ನಮ್ಮ ಮನೆಯಲ್ಲಿ ತಿಥಿ ನೋಡುವ ಕ್ಯಾಲೆಂಡರು ತೂಗುತ್ತಿದ್ದದ್ದು ದೇವರ ಕೋಣೆಯಲ್ಲಲ್ಲ, ಹಿಂದಿನ ಜಗಲಿಯಲ್ಲಿ, ಅಮ್ಮ ಮೀನು ಕೊಯ್ಯುವ ಜಾಗದ ಎದುರಿಗೆ. ತಿಥಿ ಮೊದಲು ಮೀನಿಗೆ, ಆಮೇಲೆ ದೇವರಿಗೆ.

ಈ ಶಾಸ್ತ್ರದ ಪೀಠಾಧಿಪತಿ ನನ್ನ ಸೋದರಮಾವ ಸಂಕಪ್ಪ, ಅಮ್ಮನ ತಮ್ಮ. ಮದುವೆಯಾಗಿರಲಿಲ್ಲ. ಕೆಲವು ವರ್ಷ ಬೊಂಬಾಯಿಯಲ್ಲಿದ್ದು, ಅಲ್ಲಿ ಆಕಾಶವೇ ಕಾಣುವುದಿಲ್ಲ ಎಂಬ ಕಾರಣ ಕೊಟ್ಟು ಊರಿಗೆ ಮರಳಿದವರು. ನನ್ನ ಅಪ್ಪನೂ ಇದ್ದರು, ಇಲ್ಲವೆಂದಲ್ಲ. ಆದರೆ ನಮ್ಮ ಕಡೆ ಸೋದರಮಾವ ಮಾತಾಡುವಾಗ ಅಪ್ಪಂದಿರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೂರುವುದು ಕ್ರಮ. ಮನೆಯ ಗದ್ದೆಯಿಂದ ಹಿಡಿದು ಸೋದರಸೊಸೆಯ ಮದುವೆಯವರೆಗೆ ಕೊನೆಯ ಮಾತು ಮಾವನದು.

ಮಾವನ ವಿವರಣೆ ಹೀಗೆ. "ಏಡಿ ಅಂದ್ರೆ ಯಾರು? ಕರ್ಕಾಟಕ. ಕರ್ಕಾಟಕ ರಾಶಿಗೆ ಅಧಿಪತಿ ಯಾರು? ಚಂದ್ರ. ಹುಣ್ಣಿಮೆಗೆ ಧಣಿ ಪೂರ್ತಿ ಮೇಲೆ ಬಂದು ನಿಂತಿದ್ದಾನೆ. ಆಗ ಏಡಿ ಎಂತ ಮಾಡ್ತದೆ? ಬಿಲದ ಬಾಯಿಗೆ ಬಂದು, ಎರಡೂ ಕೈ ಎತ್ತಿ ಮುಗಿದುಕೊಂಡು ನಿಲ್ತದೆ. ಊಟ ಉಂಟಾ, ನಿದ್ರೆ ಉಂಟಾ? ಮಂತ್ರಿ ಬರುವಾಗ ಪಾರ್ಟಿಯವರು ಬಿಸಿಲಲ್ಲಿ ನಿಲ್ಲುವುದಿಲ್ವಾ, ಹಾಗೇ. ಮಂತ್ರಿ ದುಂಡಗಾಗ್ತಾನೆ, ಇವರು ಸೊರಗ್ತಾರೆ."

ಇಷ್ಟಕ್ಕೇ ನಿಲ್ಲುವ ಜೀವವಲ್ಲ. ಆಕಾಶವನ್ನು ಮಾಡಿದ್ದೇ ಪ್ರಾಣಿಗಳಿಗಾಗಿ, ಮನುಷ್ಯರು ಅಲ್ಲಿ ಬಾಡಿಗೆಗೆ ಇರುವವರು ಎನ್ನುತ್ತಿದ್ದರು. "ನೀನೇ ನೋಡು ಮಾರಾಯ್ತಿ. ಮೇಲೆ ಆಡು ಉಂಟು, ಎತ್ತು ಉಂಟು, ಏಡಿ, ಸಿಂಹ, ಚೇಳು, ಮೀನು, ಎಲ್ಲ ಉಂಟು. ಮನುಷ್ಯರು ಅಂತ ಇರುವುದು ಬೆರಳೆಣಿಕೆ. ಅದರಲ್ಲಿ ಒಬ್ಬಳು ಕನ್ಯೆ. ಅವಳಿಗೂ ಇಷ್ಟು ಸಾವಿರ ವರ್ಷದಿಂದ ಮದುವೆ ಆಗಿಲ್ಲ!" ಹೀಗೆಂದು ನನ್ನ ಕಡೆ ತಿರುಗುತ್ತಿದ್ದರು. ನನಗಾಗ ಇಪ್ಪತ್ತೈದು ದಾಟಿತ್ತು. ಉಡುಪಿಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ, ಮತ್ತು ಬಂದ ಗಂಡುಗಳನ್ನೆಲ್ಲ ಬೇಡವೆಂದು ಅಮ್ಮನ ಕಣ್ಣಲ್ಲಿ ನೀರು ಹಾಕಿಸುತ್ತಿದ್ದೆ.

ಅಮೆರಿಕದವರು ಮೇಲೆ ಕಳಿಸಿದ್ದ ಸ್ಕೈಲ್ಯಾಬ್ ಎಂಬ ಪ್ರಯೋಗಾಲಯ ನಮ್ಮ ತಲೆಯ ಮೇಲೆಯೇ ಬೀಳುತ್ತದೆ ಎಂದು ಊರೆಲ್ಲ ನಡುಗಿದ ವರ್ಷ ಅದು. ಆಟಿ ತಿಂಗಳ ಮಳೆ ಹಿಡಿಯುವ ಹೊತ್ತು. ಮಾವ ಜಗಲಿಯಲ್ಲಿ ಕೂತು ಬಹಳ ಯೋಚಿಸಿ, "ಸಾಯುವುದೇ ಹೌದಾದ್ರೆ ಕೋಳಿಗಳನ್ನು ಹಿಂದೆ ಬಿಟ್ಟು ಸಾಯುವುದು ಯಾಕೆ?" ಎಂದರು. ಮೊಟ್ಟೆಯಿಡುವ ಕೋಳಿಯಿಂದ ಹಿಡಿದು ಬೆಳಿಗ್ಗೆ ನಮ್ಮನ್ನು ಎಬ್ಬಿಸುವ ಹುಂಜದವರೆಗೆ ಒಂದೊಂದೇ ರೊಟ್ಟಿಯ ಜೊತೆ ಮುಗಿದವು. ಕೊನೆಗೆ ಅದು ದೂರದ ಆಸ್ಟ್ರೇಲಿಯಾದ ಕಡೆ ಬಿತ್ತಂತೆ. ಸ್ಕೈಲ್ಯಾಬಿನಿಂದ ಕಾಪುವಿನಲ್ಲಿ ಜೀವ ಕಳೆದುಕೊಂಡದ್ದು ನಮ್ಮ ಕೋಳಿಗಳು ಮಾತ್ರ.

ಮಳೆ ಬಿಟ್ಟ ಮೇಲೆ ಮಣಿಪಾಲದ ಕಾಲೇಜು ಮೈದಾನವೊಂದರಲ್ಲಿ ಸಂಜೆ ದೂರದರ್ಶಕ ಇಟ್ಟು ಎಲ್ಲರಿಗೂ ಚಂದ್ರನನ್ನು ತೋರಿಸಿದರು. ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಆಕಾಶ ನೋಡಲಿಕ್ಕೆ ನೂಕುನುಗ್ಗಲು ಯಾಕೆ ಎಂದು ಗಾದೆ ಕಟ್ಟಿದವರು ಆ ಸಾಲನ್ನು ನೋಡಿರಲಿಲ್ಲ. ಸೀರೆಯ ಸೆರಗು ಯಾರದೋ ಕೊಡೆಗೆ ಸಿಕ್ಕಿ, ಚಪ್ಪಲಿ ತುಳಿಸಿಕೊಂಡು, ಅಂತೂ ಮುಂದೆ ತಲುಪಿದಾಗ ಅಲ್ಲಿ ನಿಂತಿದ್ದವರು ಭೌತಶಾಸ್ತ್ರದ ಉಪನ್ಯಾಸಕ ಜಯಕರ. ದೂರದರ್ಶಕದ ಕೊಳವೆಗಿಂತ ತುಸು ದಪ್ಪ ಇದ್ದರು, ಅಷ್ಟೇ. ನಾನು ಚಂದ್ರನನ್ನು ನೋಡಿ, ಸುಮ್ಮನೆ ಬರಬೇಕಲ್ಲ, "ಸರ್, ಹುಣ್ಣಿಮೆಗೆ ಏಡಿ ಟೊಳ್ಳಾಗುವುದು ಹೌದಾ?" ಎಂದು ಕೇಳಿದೆ. ಹಿಂದಿನವರು ನಕ್ಕರು. ಜಯಕರ ನಗಲಿಲ್ಲ. "ಗೊತ್ತಿಲ್ಲ. ನಾನು ಪರೀಕ್ಷೆ ಮಾಡಿ ನೋಡಿಲ್ಲ," ಎಂದರು. ನಮ್ಮ ಊರಿನಲ್ಲಿ ಗಂಡಸೊಬ್ಬ ತನಗೆ ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮನಸ್ಸು ಅಲ್ಲಿಯೇ ಬಿತ್ತು.

ವಿಚಾರಿಸಿದೆ, ಯಾಕೆ ಸುಳ್ಳು ಹೇಳಲಿ. ಕಾರ್ಕಳದ ಕಡೆಯವರು, ನಮ್ಮವರೇ. ಒಂದೇ ದೋಷ ಎಂದರೆ ಬಾಯಿಂದ ಸುಳ್ಳು ಹೊರಡುವುದಿಲ್ಲ. ಪ್ರಿನ್ಸಿಪಾಲರ ಮನೆಯೊಕ್ಕಲಿಗೆ ಹೋದಾಗ ಅವರ ಹೆಂಡತಿ "ಪಾಯಸ ಹೇಗಾಗಿದೆ?" ಎಂದು ಕೇಳಿದರೆ, "ತಳ ಹಿಡಿದಿದೆ" ಎಂದು ಹೇಳಿ ಬಂದ ಪುಣ್ಯಾತ್ಮ. ನನಗೆ ಅದೂ ಗುಣವಾಗಿಯೇ ಕಂಡಿತು. ಎಲ್ಲೂರಿನಲ್ಲಿದ್ದ ಚಿಕ್ಕಮ್ಮನ ಕಿವಿಯಲ್ಲಿ ಮೆಲ್ಲನೆ ಹಾಕಿದೆ. ಚಿಕ್ಕಮ್ಮನ ಕಿವಿಗೆ ಹಾಕುವುದೂ ಒಂದೇ, ಪೇಪರಿಗೆ ಕೊಡುವುದೂ ಒಂದೇ. ವಾರದೊಳಗೆ ಕಾರ್ಕಳದಿಂದ ಉತ್ತರ ಬಂತು.

ಉತ್ತರ ತಂದ ಚಿಕ್ಕಮ್ಮ ಜಗಲಿಯಲ್ಲಿ ಕೂತು ಒಂದು ಲೋಟ ನೀರು ಪೂರ್ತಿ ಕುಡಿದು ಹೇಳಿದರು. "ಹುಡುಗನಿಗೆ ಒಪ್ಪಿಗೆ ಉಂಟು. ಆದ್ರೆ ಅಲ್ಲಿಯೂ ಒಬ್ಬರು ಸೋದರಮಾವ ಇದ್ದಾರೆ. ಹುಡುಗಿ ನೋಡಲಿಕ್ಕೆ ಬರುವುದಕ್ಕೆ ಅವರ ಜೋಯಿಸರು ದಿವಸ ಇಟ್ಟದ್ದು ಕಾರ್ತಿಕ ಹುಣ್ಣಿಮೆಗೆ. ಮತ್ತೆ, ಆ ಮನೆಗೆ ಏಡಿ ತರುವ ಹಾಗಿಲ್ಲವಂತೆ, ಹುಡುಗನ ಅಮ್ಮನಿಗೆ ವಾಸನೆ ಆಗುವುದಿಲ್ಲ. ಆದ್ರೆ ಅವರ ಮಾವನಿಗೆ ಏಡಿ ಅಂದ್ರೆ ಜೀವ. ಕಾಪುವಿಗೆ ಬಂದು ಬರೀ ಚಾ ಕುಡಿದು ಹೋಗುವುದಾ, ಒಂದು ಏಡಿ ಊಟವಾದ್ರೂ ಬೇಡವಾ ಅಂತ ಕೇಳಿದ್ರು."

ಅಪ್ಪ ಸುಣ್ಣದ ಡಬ್ಬಿ ಮುಚ್ಚಿದರು. ಹುಣ್ಣಿಮೆಯ ದಿನ ಏಡಿ! ನೆಂಟರಿಗೆ ಟೊಳ್ಳು ಏಡಿ ಬಡಿಸುವುದೆಂದರೆ ನೀರೆಂದು ಖಾಲಿ ಲೋಟ ಕೊಟ್ಟ ಹಾಗೆ. ಆದರೆ ಮಾವನ ಚಿಂತೆ ಅದಕ್ಕಿಂತ ದೊಡ್ಡದು. "ಹುಣ್ಣಿಮೆಗೆ ಏಡಿಯೇ ಟೊಳ್ಳು. ಅವತ್ತು ಬರುವ ಹುಡುಗ ಮತ್ತೆಂತ ಗಟ್ಟಿಯಾ? ಈ ಸಂಬಂಧ ಬೇಡ," ಎಂದುಬಿಟ್ಟರು.

ಎಂಥ ಸಾವು ನೋಡಿ! ಇಷ್ಟು ವರ್ಷ ಬಂದ ಗಂಡುಗಳಿಗೆಲ್ಲ ನಾನು ಬೇಡವೆಂದೆ, ಬೇಕೆಂದ ಒಬ್ಬನನ್ನು ಚಂದ್ರ ತಪ್ಪಿಸಿದ. ನಾನು ಅಡುಗೆಮನೆಗೆ ಹೋಗಿ ಅತ್ತೆ. ಯಾವತ್ತೂ ಅಳದವಳು ಅತ್ತದ್ದು ಮಾವನಿಗೆ ಕೇಳಿತು. ಎರಡು ದಿನ ಬಾವಿಕಟ್ಟೆಯಲ್ಲಿ ಕೂತು ಬೀಡಿ ಸೇದಿದರು. ಮೂರನೆಯ ದಿನ ಬಂದು, "ಒಂದು ದಾರಿ ಉಂಟು," ಎಂದರು. "ಏಡಿ ಸೊರಗುವುದು ಚಂದ್ರನನ್ನು ನೋಡಿ. ನೋಡದಿದ್ರೆ? ಅಮಾವಾಸ್ಯೆಗೆ ಏಡಿ ತರುವ. ಹುಣ್ಣಿಮೆ ತನಕ ಕತ್ತಲೆಯಲ್ಲಿ ಇಡುವ. ಚಂದ್ರ ಬಂದದ್ದು ಅದಕ್ಕೆ ಗೊತ್ತೇ ಆಗಬಾರದು. ಆ ಏಡಿ ಹುಣ್ಣಿಮೆ ದಿವಸ ತುಂಬಿದ್ರೆ, ಹುಡುಗನೂ ಆದೀತು. ಟೊಳ್ಳಾದ್ರೆ ನನ್ನನ್ನು ಕೇಳಬೇಡಿ." ಹೀಗೆ ನನ್ನ ಮದುವೆ ಒಂದು ಏಡಿಯ ಹೊಟ್ಟೆಯೊಳಗೆ ಹೋಗಿ ಕೂತಿತು.

ದೀಪಾವಳಿಯ ಅಮಾವಾಸ್ಯೆಯಂದು ಮಾವ ಹೆಜಮಾಡಿಯ ಹೊಳೆಬಾಯಿಯಿಂದ ಒಂದು ಬುಟ್ಟಿ ದೊಡ್ಡ ಏಡಿ ತಂದರು. ಊರೆಲ್ಲ ದೀಪ ಹಚ್ಚುವಾಗ ನಮ್ಮ ಮನೆಯಲ್ಲಿ ಕತ್ತಲೆಯ ಏರ್ಪಾಡು ನಡೆಯಿತು. ಬಾಣಂತಿ ಕೋಣೆ ಎಂದು ಒಂದಿತ್ತು, ಕಿಟಕಿಯಿಲ್ಲದ್ದು, ನಾನು ಹುಟ್ಟಿದ ಕೋಣೆ. ದನಕ್ಕೆ ಅಕ್ಕಚ್ಚು ಕೊಡುವ ಕಲ್ಲಿನ ಮರಿಗೆಯನ್ನು ಅಲ್ಲಿಗೆ ತಂದು, ಸಮುದ್ರದ ನೀರು ತುಂಬಿಸಿ, ಏಡಿಗಳನ್ನು ಬಿಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಗೋಣಿ. ಮಾವ ದಿನಾ ಬೆಳಿಗ್ಗೆ ಕೊಡಪಾನ ಹಿಡಿದು ಕಡಲಿಗೆ ಹೋಗುತ್ತಿದ್ದರು. ಕೇಳಿದವರಿಗೆ ಕಾಲುನೋವಿಗೆ ಉಪ್ಪುನೀರು ಎನ್ನುತ್ತಿದ್ದರು. ಸ್ವಲ್ಪ ದಿನದಲ್ಲಿ ನಮ್ಮ ಬೀದಿಯಲ್ಲಿ ಕಾಲುನೋವಿದ್ದವರೆಲ್ಲ ಕೊಡಪಾನ ಹಿಡಿದರು, ಒಬ್ಬಿಬ್ಬರಿಗೆ ಗುಣವೂ ಆಯಿತಂತೆ.

ನಮ್ಮದು ಕಾಪು, ಕಡಲ ಬದಿಯಲ್ಲಿ ದೀಪಸ್ತಂಭ ಇರುವ ಊರು. ಅದರ ಬೆಳಕು ತಿರುಗುತ್ತ ನಮ್ಮ ಮಾಡಿನ ಹೆಂಚುಗಳ ಮೇಲೂ ಹಾದುಹೋಗುತ್ತಿತ್ತು. ಏಡಿಗಳು ಅದನ್ನೇ ಚಂದ್ರನೆಂದು ತಿಳಿದರೆ? ಮಾವ ಒಂದು ಸಂಜೆ ಒಳ್ಳೆಯ ಅಂಗಿ ಹಾಕಿಕೊಂಡು ಹೋಗಿ ಅಲ್ಲಿನ ಕಾವಲಿನವರನ್ನು ಕೇಳಿದರು. "ಹುಣ್ಣಿಮೆ ತನಕ ಈ ದೀಪ ಸ್ವಲ್ಪ ಆಚೆಗೆ ತಿರುಗಿಸಲಿಕ್ಕೆ ಆಗ್ತದಾ?"

"ಹಡಗುಗಳು ಎಂತ ಮಾಡುವುದು ಸಂಕಪ್ಪಣ್ಣ?"

"ಹಡಗಿಗೆ ಮದುವೆ ಉಂಟಾ? ನಮ್ಮ ಹುಡುಗಿಗೆ ಉಂಟು."

ಅದಕ್ಕೆ ದೆಹಲಿಗೆ ಬರೆಯಬೇಕಾಗುತ್ತದೆ ಎಂದು ಅವರು ಮರ್ಯಾದೆಯಿಂದಲೇ ಕಳಿಸಿಕೊಟ್ಟರು. ದೆಹಲಿಯಲ್ಲಿ ಆಗ ಸರಕಾರವೇ ಅಲುಗಾಡುತ್ತಿತ್ತು, ಏಡಿಯನ್ನು ಕೇಳುವವರು ಯಾರು.

ಕತ್ತಲೆಯೊಳಗೆ ಏಡಿಗಳೇನು ಧ್ಯಾನ ಮಾಡುತ್ತಿರಲಿಲ್ಲ. ದಿನಕ್ಕೊಂದರಂತೆ ಕಡಿಮೆಯಾಗುತ್ತ ಬಂದವು. ದೊಡ್ಡದೊಂದು ಉಳಿದವನ್ನು ತಿನ್ನುತ್ತಿತ್ತು. ಅಮ್ಮ ಅಯ್ಯೋ ಎಂದರೆ ಮಾವ, "ಇರಲಿ ಅಕ್ಕ, ಎಲ್ಲರ ಮಾಂಸವೂ ಒಂದರಲ್ಲೇ ಸೇರ್ತದಲ್ಲ, ಒಳ್ಳೆದೇ," ಎಂದು ಸಮಾಧಾನ ಹೇಳಿದರು. ಕೊನೆಗೆ ಅದೊಂದೇ ಉಳಿಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಮರಿಗೆಯಲ್ಲಿ ಎರಡು! ಒಂದನ್ನು ಎತ್ತಿದರೆ ಬರೀ ಚಿಪ್ಪು, ಕಣ್ಣಿನಿಂದ ಕಾಲಿನ ತುದಿಯವರೆಗೆ ಪೂರ್ತಿ ಏಡಿಯ ರೂಪ, ಒಳಗೆ ಗಾಳಿ. ಏಡಿ ಬೆಳೆಯುವಾಗ ಹಳೆಯ ಚಿಪ್ಪನ್ನು ಕಳಚಿಹಾಕುತ್ತದೆ, ಹೊಸ ಚಿಪ್ಪು ಬಲಿತರೂ ಕೆಲವು ದಿನ ಅದರೊಳಗೆ ನೀರೇ ಹೆಚ್ಚು. ಶಾಲೆಯಲ್ಲಿ ಅದನ್ನು ಕಲಿಸುವವಳು ನಾನೇ. ಆದರೆ ಮದುವೆ ತೂಗಾಡುವಾಗ ವಿಜ್ಞಾನ ಯಾರಿಗೆ ನೆನಪಾಗುತ್ತದೆ? ನಾನೂ ಮಾವನ ಜೊತೆ ಸೇರಿ ಬೆಳಕು ಎಲ್ಲಿಂದ ಬಂತೆಂದು ಹುಡುಕಿದೆ. ಮಾಡಿನಲ್ಲಿ ಮಸಿ ಹಿಡಿದ ಗಾಜಿನ ಹೆಂಚೊಂದಿತ್ತು. ಮಾವ ಏಣಿ ಹತ್ತಿ ಅದಕ್ಕೆ ತಮ್ಮ ಕಂಬಳಿ ಹೊದಿಸಿ ಬಂದರು.

ಹುಣ್ಣಿಮೆಯ ದಿನ ಕಾರ್ಕಳದವರು ಬಂದರು. ಜಯಕರ, ಅವರ ಮಾವ, ಜೊತೆಗೆ ನಮ್ಮ ಚಿಕ್ಕಮ್ಮ. ಹುಡುಗನ ಅಮ್ಮ ಬಂದಿರಲಿಲ್ಲ. ಒಳಗೆ ಅಮ್ಮ ಮಸಾಲೆ ಹಿಡಿಯಲೆಂದು ಏಡಿಯ ಒಂದು ಕಾಲನ್ನು ಜಜ್ಜಿ ನೋಡಿ, ಅಲ್ಲಿಯೇ ಕುಸಿದು ಕೂತರು. ನೀರು ಬಿಟ್ಟರೆ ಏನೂ ಇಲ್ಲ. "ಮಾವನಿಗೆ ಹೇಳಬೇಡ," ಎಂದರು. ಹೇಳದೆ ಏನು ಉಪಯೋಗ? ಪಾಯಸದ ತಳ ಹಿಡಿದದ್ದನ್ನು ಪ್ರಿನ್ಸಿಪಾಲರ ಹೆಂಡತಿಗೇ ಹೇಳಿದ ಮನುಷ್ಯ ಇದನ್ನು ಬಿಡುತ್ತಾರೆಯೇ? ಏಡಿಯ ಜೊತೆಗೆ ನನ್ನ ಕತೆಯೂ ಮುಗಿಯಿತು ಎಂದುಕೊಂಡೆ.

ಉಳಿದದ್ದು ಒಂದೇ ಏಡಿಯಾದ್ದರಿಂದ ಅದು ಹುಡುಗನ ಎಲೆಗೆ ಬಿತ್ತು. ಅವರ ಮಾವನಿಗೆ ಸಿಗಡಿ. ಆ ಮಾವ ಸಿಗಡಿಯನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ, ಪಾಪ, ಕಾರ್ಕಳದಿಂದ ಅಷ್ಟು ದೂರ ಬಂದಿದ್ದರು. ನಮ್ಮ ಮಾವ ಹುಡುಗನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಬಾಗಿಲ ಹಿಂದೆ ನಿಂತೆ. ಜಯಕರ ಏಡಿಯನ್ನು ಎತ್ತಿ ಸುತ್ತ ನೋಡಿ, ಒಂದು ಕಾಲು ಮುರಿದು ಬಾಯಿಗೆ ಹಾಕಿಕೊಂಡರು. ಕಟಂ ಎಂದಿತು. ಚೀಪಿದರು. ಮತ್ತೊಂದು. ಚಿಪ್ಪನ್ನೂ ಬಿಡದೆ ಜಗಿಯತೊಡಗಿದರು. ನನ್ನ ಹಲ್ಲು ಜುಮ್ಮೆಂದಿತು.

"ಹೇಗುಂಟು? ಮಾಂಸ ಉಂಟಾ?" ಎಂದು ಮಾವ ಕೇಳಿಯೇಬಿಟ್ಟರು.

"ಉಂಟು. ಭಾರೀ ಒಳ್ಳೆದುಂಟು," ಎಂದರು ಜಯಕರ. "ಬಿಡುವಂಥದ್ದು ಎಂತದೂ ಇಲ್ಲ."

ಮಾವ ಎದ್ದು ಅಡುಗೆಮನೆಗೆ ಬಂದರು. ಮಣ್ಣಿನ ಅಳಗೆಯ ತಳದಲ್ಲಿ ಅಮ್ಮ ಜಜ್ಜಿದ್ದ ಕಾಲು ಉಳಿದಿತ್ತು. ಅದನ್ನು ಬಿಡಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು, ಕೈ ತೊಳೆದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಅಕ್ಕ, ಹುಡುಗ ಸುಳ್ಳು ಹೇಳಿದ," ಎಂದರು ಮಾವ. "ಸತ್ಯ ಹೇಳುವವರು ರಾಶಿ ಸಿಗ್ತಾರೆ. ನಮ್ಮ ಮಾನ ಉಳಿಸಲಿಕ್ಕೆ ಚಿಪ್ಪು ಜಗಿಯುವವ ಎಲ್ಲಿ ಸಿಗ್ತಾನೆ? ಕೊಡುವ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನನ್ನ ಮದುವೆ ಒಂದೇ ಸುಳ್ಳಿನಲ್ಲಿ ಮುಗಿಯಿತು. ಆಮೇಲೆ ಮಾವ ಬದುಕಿರುವವರೆಗೂ ಈ ಕತೆಯನ್ನು ಹೇಳದ ಮದುವೆಯಿಲ್ಲ, ನಾಮಕರಣವಿಲ್ಲ. ವರ್ಷದಿಂದ ವರ್ಷಕ್ಕೆ ಏಡಿ ದೊಡ್ಡದಾಯಿತು, ಚಿಪ್ಪು ಗಟ್ಟಿಯಾಯಿತು, ಒಮ್ಮೆ ಜಯಕರರ ಹಲ್ಲಿನಿಂದ ರಕ್ತವೂ ಬಂತು. "ಹರಿಶ್ಚಂದ್ರನಂಥವ, ನನ್ನ ಸೊಸೆಗೋಸ್ಕರ ಸುಳ್ಳು ಹೇಳಿದ!" ಎನ್ನುವಾಗ ಅವರ ಕಣ್ಣು ತುಂಬುತ್ತಿತ್ತು. ಆಗೆಲ್ಲ ಇವರು ಪಕ್ಕದಲ್ಲಿ ಕೂತು ತಲೆ ತಗ್ಗಿಸಿ ಮುಗುಳ್ನಗುತ್ತಿದ್ದರು. ಅದು ವಿನಯ ಎಂದು ನಾವೆಲ್ಲ ತಿಳಿದಿದ್ದೆವು. ನಾನಂತೂ ಜಗಳವಾದಾಗಲೆಲ್ಲ, ಹೋಗಲಿ, ನನಗಾಗಿ ಒಂದು ದಿನ ಚಿಪ್ಪು ಜಗಿದ ಮನುಷ್ಯ ಎಂದುಕೊಂಡು ಎಷ್ಟೋ ಮಾತುಗಳನ್ನು ನುಂಗಿದ್ದೇನೆ.

ಮೊನ್ನೆ ಊಟಕ್ಕೆ ಕೂತಾಗ ಇವರು ಪಕ್ಕದ ಮನೆಯ ಏಡಿಯ ಒಂದು ಕಾಲು ಮುರಿದು ನೋಡಿ, "ಎಂತದೂ ಇಲ್ಲ ಮಾರಾಯ್ತಿ, ಬರೀ ಚಿಪ್ಪು," ಎಂದು ಬದಿಗಿಟ್ಟರು. ನನಗೆ ನಗು ಬಂತು. "ಈಗ ಬದಿಗಿಡ್ತೀರಿ. ಅವತ್ತು ಕಾಪುವಿನಲ್ಲಿ ಹೇಗೆ ಜಗಿದಿರಿ?" ಎಂದು ಕೇಳಿದೆ.

ಇವರು ಅನ್ನ ಕಲಸಿದರು. ಆಮೇಲೆ, "ಅವತ್ತು ನಾನು ಏಡಿ ತಿಂದದ್ದೇ ಮೊದಲ ಸಲ," ಎಂದರು. "ನಮ್ಮ ಮನೆಗೆ ಏಡಿ ತರುತ್ತಲೇ ಇರಲಿಲ್ಲ ಅಲ್ವಾ? ಒಳಗೆ ಮಾಂಸ ಅಂತ ಬೇರೆ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಏಡಿ ಅಂದ್ರೆ ಅಷ್ಟೇ, ಹಾಗೇ ಜಗಿಯುವುದು ಎಂದು ತಿಳಿದಿದ್ದೆ. ಮಸಾಲೆ ಚೆನ್ನಾಗಿತ್ತು. ಒಳ್ಳೆದುಂಟು ಎಂದೆ. ನಾನು ಹೇಳಿದ್ದು ಸತ್ಯವೇ."

ನನ್ನ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. ಸಿಟ್ಟು ಬಂತು ಎಂದರೆ ಕಡಿಮೆ. ಇಷ್ಟು ವರ್ಷ ನಾನು ನುಂಗಿದ ಮಾತುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು. ನನಗಾಗಿ ಹೇಳಿದ ಸುಳ್ಳೊಂದು ಇದೆಯೆಂದು ನಾನು ಸಂಸಾರ ಮಾಡಿದ್ದು, ಆ ಸುಳ್ಳೇ ಇಲ್ಲವಂತೆ!

"ಮತ್ತೆ ನಿಮಗೆ ಗೊತ್ತಾದದ್ದು ಯಾವಾಗ?"

"ಮದುವೆಯಾದ ಮೇಲೆ ಮೊದಲ ಅಮಾವಾಸ್ಯೆಗೆ ಕಾಪುವಿಗೆ ಹೋಗಿದ್ದೆವಲ್ಲ, ನಿನ್ನ ಅಮ್ಮ ಏಡಿ ಮಾಡಿದ್ದರು. ಕಾಲು ಮುರಿದಾಗ ಒಳಗಿನದ್ದು ಕಂಡಿತು. ಅವತ್ತೇ ಹೇಳಿಬಿಡುವ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನಿನ್ನ ಮಾವ ಯಾರಿಗೋ ಆ ಕತೆ ಹೇಳಲಿಕ್ಕೆ ಶುರು ಮಾಡಿದರು. ಅವರ ಮುಖ ನೋಡಿದೆ. ಅವರು ಅಷ್ಟು ಖುಷಿಯಲ್ಲಿ ಹೇಳುವಾಗ ಅಲ್ಲ ಎನ್ನುವುದು ಹೇಗೆ? ನನ್ನಿಂದ ಆಗಲಿಲ್ಲ."

"ಅವರು ಸಾಯುವ ತನಕವೂ ಹೇಳಲಿಲ್ಲವಾ?"

"ಇಲ್ಲ," ಎಂದು ಇವರು ತಟ್ಟೆಯನ್ನು ಮುಂದೆ ಸರಿಸಿದರು. "ಸ್ವಲ್ಪ ಸಾರು ಹಾಕು."

ಹಾಕಿದೆ. ಮಾವ, ನೀವು ಹುಡುಗನನ್ನು ಆರಿಸಿದ ಕಾರಣ ಪೂರ್ತಿ ತಪ್ಪು. ಹುಡುಗ ಮಾತ್ರ ಸರಿ.